ಚಿಗವ್ವ ಕೇಳಿಸಿಕೊಂಡ ಸುದ್ದಿ

ರೋಗ ಒಬ್ಬರದು, ಅದರ ಸುದ್ದಿ ಮಾತ್ರ ಉಳಿದವರದು. ಇದು ಯಾವ ನ್ಯಾಯ?

ಚೀನಾದ ಗ್ವಾಂಗ್‌ಝೌ ನಗರದ ಆಸ್ಪತ್ರೆಯೊಂದರಲ್ಲಿ, ವಿದೇಶಿ ರೋಗಿಗಳ ವಿಭಾಗದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನನ್ನ ಚಿಕ್ಕಮ್ಮ ಚಿಗವ್ವನ ಯಕೃತ್ತಿನಲ್ಲಿ ಗಡ್ಡೆಯಿದೆ. ಚಿಕಿತ್ಸೆಗೆಂದು ನಮ್ಮೂರು ಬನಹಟ್ಟಿಯಿಂದ ಹೊರಡುವಾಗ ಅವಳ ಗಂಡ, ನನ್ನ ಕಾಕಾ, ಅವಳಿಗೆ ಪಿತ್ತಕೋಶದ ಕಲ್ಲೆಂದಷ್ಟೇ ಹೇಳಿದ್ದರು. ರೋಗಿಯಿಂದ ಮುಚ್ಚಿಡುವ ಅದೇ ರೂಢಿ ಇಲ್ಲಿಯೂ ಇರುವುದು ನನಗೆ ಅಚ್ಚರಿ ತಂದಿತು. ಪರೀಕ್ಷೆಯ ಫಲ ಬಂದೊಡನೆ ವೈದ್ಯರು ಕಾಕಾರನ್ನು ಮಾತ್ರ ಹೊರಗೆ ಕರೆದರು.

“ತಮ್ಮಾ, ಇವರನ್ನ ಕರೀಬ್ಯಾಡ್ರಿ ಅಂತ ಹೇಳು,” ಎಂದಳು ಚಿಗವ್ವ ನನ್ನತ್ತ ತಿರುಗಿ. “ಅತ್ತು ಮಾರಿ ತೊಳ್ಕೊಂಡು ಬಂದು ಏನೂ ಇಲ್ಲ ಅಂತಾರ. ಹೊಟ್ಟಿ ನಂದೈತಿ, ನನಗ ಹೇಳ್ಲಿ.”

“ಸುಮ್ಕಿರು, ಬರೇ ಕಲ್ಲೈತಿ,” ಎಂದರು ಕಾಕಾ.

“ಕಲ್ಲು ತಗಸಾಕ ಯಾರರ ಚೀನಾಕ್ಕ ಬರ್ತಾರೇನ್ರಿ?”

ಚಿಗವ್ವನ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ; ಆಸ್ಪತ್ರೆಯ ದುಭಾಷಿ ಅದನ್ನು ಚೀನಿಯಲ್ಲಿ ವೈದ್ಯರಿಗೆ ತಿಳಿಸಿದಳು. ವೈದ್ಯರು ಮರಳಿ ಒಳಗೆ ಬಂದು, ಚಿಗವ್ವನೆದುರು ಕುಳಿತು, ಗಡ್ಡೆಯನ್ನೂ ಶಸ್ತ್ರಚಿಕಿತ್ಸೆಯ ಅಪಾಯವನ್ನೂ ವಿವರಿಸಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಂತೆ ಅವಳು ಕೊನೆಯವರೆಗೂ ಕೇಳಿದಳು.

“ಬದುಕೋ ದಾರಿ ಇದೊಂದ ಇದ್ರ ಕೊಯ್ರಿ,” ಎಂದಳು.

ತನ್ನ ಜೀವದ ತೀರ್ಮಾನವನ್ನು ತಾನೇ ತೆಗೆದುಕೊಂಡ ನಮ್ಮೂರ ಈ ಹೆಣ್ಣುಮಗಳ ಪಕ್ಕದಲ್ಲಿ ನಿಂತಿದ್ದಕ್ಕೆ ನನಗೆ ಹೆಮ್ಮೆಯಿದೆ.

ನಾಳೆ ಶಸ್ತ್ರಚಿಕಿತ್ಸೆ. ಜಮಖಂಡಿ, ಮುಧೋಳ, ಬೀಳಗಿಯ ಮನೆಗಳಲ್ಲಿ ಇದನ್ನು ಓದುವವರಲ್ಲಿ ನನ್ನದೊಂದೇ ವಿನಂತಿ: ರೋಗಿಯ ಸುದ್ದಿಯನ್ನು ಮೊದಲು ರೋಗಿಗೇ ಹೇಳಿರಿ.