ಹುಣಸೆ ಬೀಜದ ಚುನಾವಣೆ

ನಿರ್ವಾಹಕ ಗಣ? ಅಲ್ಲ, ನಿರ್ವಾಹಕ ಅಂದರೆ ಬಸ್ಸಿನವನು. ನಮ್ಮ ಬದಲು ರಾಷ್ಟ್ರಪತಿಯನ್ನು ಆರಿಸಿಕೊಡುವ ದೊಡ್ಡವರ ಗುಂಪಿಗೆ ಏನೋ ಹೆಸರಿದೆ, ಮೊಮ್ಮಗಳು ಶಾಲೆಯ ಪಾಠಕ್ಕೆಂದು ಕೇಳುತ್ತಿದ್ದಾಳೆ. ನಿವೃತ್ತಳಾಗಿ ಮೈಸೂರಿಗೆ ಬಂದು ಕೂತ ಮೇಲೆ ಮರೆತಿದ್ದೇನೆ.

ಎಂಬತ್ತರ ದಶಕದಲ್ಲಿ ಕರಜಗಿ ಹತ್ತಿರದ ಹಳ್ಳಿಯೊಂದರಲ್ಲಿ ಐದನೇ ತರಗತಿಗೆ ಕಲಿಸುತ್ತಿದ್ದೆ. ಮಕ್ಕಳು ಗಡಿಗೆಗಳಲ್ಲಿ ಹುಣಸೆ ಬೀಜ ಹಾಕಿ ಮಾನಿಟರನ್ನು ಆರಿಸುತ್ತಿದ್ದರು. ಶಾಲೆಯ ಗಂಟೆ ಬಾರಿಸುವ ಹಕ್ಕು ಮಾನಿಟರನದು. ಆ ಸಲ ಗಂಟೆಯ ಆಸೆಗೇ ನಿಂತಿದ್ದ ಶಾಂತವ್ವನ ಗಡಿಗೆ ತುಂಬಿತು. ಗೌಡರ ಮಗನಿಗೆ ಬಿದ್ದದ್ದು ಒಂದೇ ಬೀಜ, ಅವನದೇ.

ಅಷ್ಟರಲ್ಲಿ ತಪಾಸಣೆಗೆ ಬಂದ ಸಾಹೇಬರು ಗಡಿಗೆ ನೋಡಿ ನಕ್ಕರು. “ಏನ್ರಿ ಅಕ್ಕೋರೆ, ರಾಷ್ಟ್ರಪತಿನ ಹಿಂಗ ಆರಿಸ್ತಾರೇನ್ರಿ? ಒಂದೊಂದ್ ಲೈನಿಗಿ ಒಬ್ಬೊಬ್ರನ್ನ ಆರಿಸ್ರಿ. ಅವರು ಕೂಡಿ ಮಾನಿಟರನ್ನ ಆರಿಸಲಿ.”

“ನಾವೇ ಹಾಕಿದ್ರ ಏನಾಗ್ತದ್ರಿ ಸರ?” ಶಾಂತವ್ವ ಕೇಳಿದಳು.

“ನಿಮಗೇನ್ ತಿಳೀತದ? ಸುಮ್ನ ಕೂಡ ಬೇ.”

ಐದು ಲೈನಿಗೆ ಐವರು ಜಾಣರು ಆಯ್ಕೆಯಾದರು. ಮಧ್ಯಾಹ್ನ ಗೌಡರ ಮನೆಯಿಂದ ಶೇಂಗಾ ಹೋಳಿಗೆ ಬಂದವು. ಐವರೂ ತಿಂದು, ಆಳವಾಗಿ ಯೋಚಿಸಿ, ಗೌಡರ ಮಗನನ್ನು ಅವಿರೋಧವಾಗಿ ಆರಿಸಿದರು. “ಈಗ ಬರೋಬರಿ ಆಯ್ತು ನೋಡ್ರಿ” ಎಂದು ಸಾಹೇಬರು ಸಹಿ ಹಾಕಿದರು.

ಮರುದಿನ ಹೊಸ ಮಾನಿಟರ್ ಕುರ್ಚಿಯಲ್ಲಿ ಕೂತು ಎಲ್ಲರ ನಮಸ್ಕಾರ ತೆಗೆದುಕೊಂಡ. ಗಂಟೆಯ ಹೊತ್ತಿಗೆ ಬಿಸಿಲಿಗೆ ಏಳಲು ಬೇಸರವಾಗಿ, “ಶಾಂತವ್ವ, ನೀನೇ ಬಾರಿಸ ಬೇ” ಅಂದ. ವರ್ಷಪೂರ್ತಿ ಅವಳೇ ಬಾರಿಸಿದಳು. ಕುರ್ಚಿ ಒಬ್ಬರದು, ಕೆಲಸ ಇನ್ನೊಬ್ಬರದು. ಸಾಹೇಬರು ಬಯಸಿದ ರಾಷ್ಟ್ರಪತಿಯೇ ನಮಗೆ ಸಿಕ್ಕಿದ್ದ.

ಹೆಸರು ಈಗ ನೆನಪಾಯಿತು. ಮೊಮ್ಮಗಳನ್ನು ಕರೆದು ಹೇಳಿದೆ, “ಬರಕೋ ಬೇ, ನಿರ್ವಾಚಕ ಗಣ. ಅದರ ಮುಂದ ಶೇಂಗಾ ಹೋಳಿಗೆ ಅಂತಾನೂ ಬರಿ.”