ಗ್ಯಾಸ್ ಐತ್ರಿ

ಮುಂಜಾನೆ ಚಾಕ್ಕ ನೀರಿಟ್ಟು ನೋಡ್ತೀನಿ, ಬೋಗುಣಿ ತಳ ಕರ್ರಗ. ಗ್ಯಾಸಿನ ಉರಿ ನೀಲಿ ಬಿಟ್ಟು ಹಳದಿ ಆಗೈತಿ. ಮೂವತ್ತು ವರ್ಷ ಸಿಂಧನೂರಿನ ಸಾಲ್ಯಾಗ ವಿಜ್ಞಾನ ಹೇಳಿದಾವ ನಾನು. ನೀಲಿ ಉರಿ ಅಂದ್ರ ಪೂರ್ತಿ ಸುಡಾಕತ್ತೈತಿ, ಹಳದಿ ಅಂದ್ರ ಗಾಳಿ ಸಾಲವಲ್ದು ಅಂತ ಎಷ್ಟು ಹುಡುಗರ ತಲಿ ತಿಂದೀನೋ! ಅಂಥಾವನ ಮನಿ ಬೋಗುಣಿಗೇ ಮಸಿ. ರಿಪೇರಿಯವಗ ಫೋನ್ ಹಚ್ಚಿ ಕುಂತೆ. ಬೆರಳಿಗೆ ಹತ್ತಿದ ಮಸಿ ನೋಡಿದ್ದೇ ತಡ, ನಮ್ಮಕ್ಕ ನೆನಪಾದಳು.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡಾಕಿ. ಅವ್ವ ಹೋದ ಮ್ಯಾಲ ಜವಳಗೇರಾದ ಗದ್ದ್ಯಾಗ ಕೂಲಿ ಮಾಡಿ ನನ್ನ ಓದಿಸಿದಾಕಿ. ನನಗ ನೌಕರಿ ಸಿಕ್ಕಾಗ ಇಲ್ಲಿಗೆ ಬಂದ್ವಿ, ಮನ್ಯಾಗ ನಾವಿಬ್ಬರ. ಆಕಿದು ಹೊಟ್ಟಿನ ಒಲಿ. ನೀವು ನೋಡೀರೋ ಇಲ್ಲೋ: ಒಂದು ತಗಡಿನ ಡಬ್ಬಿ, ನಡುವ ಖಾಲಿ ಬಾಟ್ಲಿ ನಿಂದ್ರಿಸಿ ಸುತ್ತ ಭತ್ತದ ಹೊಟ್ಟು ಗಿಡಿದು ತುಂಬಬೇಕು. ಬಾಟ್ಲಿ ಮೆಲ್ಲಕ ತಿರುವಿ ಜಗ್ಗಿದ್ರ ನಡುವ ತೂತು ಉಳೀತೈತಿ, ಉರಿ ಅದ್ರಾಗ ಹಾದು ಮ್ಯಾಲ ಬರ್ತೈತಿ. ರೈಸ್ ಮಿಲ್ಲಿನ ಊರು, ಹೊಟ್ಟಿಗೇನು ಬರ? ನಾನು ಬಾಟ್ಲಿ ಜಗ್ಗಿದ್ರ ಮಾತ್ರ ಎಲ್ಲಾ ಕುಸಿಯೋದು. "ಸರಿಯೋ ಮಾಸ್ತರ, ನಿನ್ನ ಕೈಲೆ ಬೋರ್ಡ್ ಬರಿಯೋದಷ್ಟ ಆಗೋದು" ಅಂತಿದ್ಲು.

ಊರಿಗೆ ಗ್ಯಾಸ್ ಬಂದ ಹೊಸದರಾಗ ನಾನೂ ತಂದೆ. ಮದ್ಲನೇ ದಿನ ಅದರ ಮ್ಯಾಲಿನ ಜ್ವಾಳದ ರೊಟ್ಟಿ ಬಾಯಿಗಿಟ್ಟು, "ಯಕ್ಕಾ, ರಟ್ಟು ತಿಂದಂಗ ಆಗ್ತೈತಲ್ಲ" ಅಂದೆ. ನಾಲಿಗಿ ನೋಡ್ರಿ ನಂದು! ಮರುದಿನದಿಂದ ರೊಟ್ಟಿಗೆ ಹೊಟ್ಟಿನ ಒಲಿ, ಬಂದವ್ರ ಚಾಕ್ಕಷ್ಟ ಗ್ಯಾಸ್. ಕಸೂತಿ ಬಟ್ಟಿ ಹೊದ್ದು ಸಿಲಿಂಡರ್ ಮೂಲ್ಯಾಗ ಮದುಮಗಳಂಗ ಕುಂತಿತ್ತು.

ಸಂಜಿಮುಂದ ಪಡಸಾಲ್ಯಾಗ ಹುಡುಗರಿಗೆ ಇಂಧನದ ಪಾಠ. ಸುಡೋದ್ರಾಗ ನೈಸರ್ಗಿಕ ಅನಿಲ ಎಲ್ಲಕ್ಕಿಂತ ಸ್ವಚ್ಛ. ನೆಲದಿಂದ ಬಂದಾಗ ಅದ್ರಾಗ ಗಂಧಕ, ತೇವ ಇರ್ತಾವ, ತೆಗೆದು ಕಳಿಸ್ತಾರ. ಅದೂ ಪೂರಾ ಸಾಚಾ ಅಲ್ಲ, ಸುಡದ ಸೋರಿದ್ರ ಭೂಮಿ ಕಾಸ್ತೈತಿ. ನಮ್ಮ ಸಿಲಿಂಡರಿನ ಗ್ಯಾಸ್ ಬ್ಯಾರೆ, ಅದರ ಹೊಗಿನೂ ಕಡಿಮಿ. ಆಮ್ಯಾಲ ಡೀಸೆಲ್, ಕಲ್ಲಿದ್ದಲು, ಕಟ್ಟಿಗಿ... ಒಳಗಿಂದ ಅಕ್ಕ ಕೆಮ್ಮಿಕೋತ ಕೇಳಿದ್ಲು, "ಹೊಟ್ಟಿಂದು ಎಷ್ಟನೇ ನಂಬರಪಾ?"

"ಕೊನೀದು ಯಕ್ಕಾ."

"ಹಂಗಾರ ನಾವು ಕೊನೀ ಬೆಂಚಿನವ್ರು ಬಿಡು."

ಹುಡುಗರು ನಕ್ಕವು, ನಾನೂ ನಕ್ಕೆ. ನಕ್ಕು ಒಳಗ ಹೋಗಿ ಬಿಸಿ ರೊಟ್ಟಿ ತಿಂದೆ.

ಕೆಮ್ಮು ಬಿಡದಾಗ ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟರು ಎದಿ ನೋಡಿ, "ಬೀಡಿ ಸೇದ್ತೀರೇನಮ್ಮಾ?" ಅಂದ್ರು. ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. "ಮನ್ಯಾಗ ಒಲಿ ಯಾವುದು?"

ಅಕ್ಕ ಬಾಯಿ ತೆರೆಯೋದ್ರಾಗ ನಾನ ಅಂದೆ, "ಗ್ಯಾಸ್ ಐತ್ರಿ." ವಿಜ್ಞಾನದ ಮಾಸ್ತರನ ಮನ್ಯಾಗ ಹೊಗಿ ಅಂದ್ರ ಮರ್ಯಾದಿ ಪ್ರಶ್ನೆ ನೋಡ್ರಿ. ಅವ್ರು ಕೆಮ್ಮಿನ ಔಷಧ ಬರದು ಕಳಿಸಿದ್ರು. ಆಟೋದಾಗ ಅಕ್ಕ ನನ್ನ ಮೊಣಕಾಲ ಮ್ಯಾಲ ಕೈಯಿಟ್ಟು, "ಖರೇ ಐತಲ್ಲ, ಗ್ಯಾಸ್ ಐತಿ" ಅಂದ್ಲು. ಅವತ್ತೂ ರೊಟ್ಟಿ ಹೊಟ್ಟಿನ ಒಲಿ ಮ್ಯಾಲ ಆದ್ವು. ಬ್ಯಾಡ ಅನ್ನಲಿಲ್ಲ ನಾನು. ಮೂರು ತಿಂದೆ.

ನಾಕು ವರ್ಷದಾಗ ಅಂಗಳ ದಾಟಿದ್ರ ಆಕಿಗೆ ಉಸಿರು ಸಿಗದಂಗಾತು. ರಾಯಚೂರಿನ ಡಾಕ್ಟರೂ ಅದನ್ನ ಕೇಳಿದ್ರು. ಈ ಸಲ ಅಕ್ಕ ತಾನ ಹೇಳಿದ್ಲು, "ಹೊಟ್ಟಿನ ಒಲಿ ರೀ, ಸಣ್ಣಾಕಿದ್ದಾಗಿಂದ."

"ಅಲ್ಲಮ್ಮಾ, ಮದ್ಲ ತೋರಿಸಿದಾಗ ಹೇಳಬಾರದಾ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ಯಾರೂ ಕೇಳಲಿಲ್ರಿ" ಅಂದ್ಲು.

ಮುಂದ ಆಕಿ ಭಾಳ ದಿನ ಉಳಿಯಲಿಲ್ಲ. ಈಗ ನಾನ ರೊಟ್ಟಿ ಬಡೀತೀನಿ, ಸೊಟ್ಟ ಸೊಟ್ಟ, ಗ್ಯಾಸಿನ ಮ್ಯಾಲ. ರಟ್ಟಿನಂಗೇನೂ ಇರಂಗಿಲ್ರಿ. ಚೊಲೋ ಇರ್ತಾವ.

ರಿಪೇರಿಯವ ಬಂದ. ಬರ್ನರ್ ಬಿಚ್ಚಿ ಬ್ರಶ್ ಹಾಕಿ ತಿಕ್ಕಿದ, ಹಚ್ಚಿದ. ಉರಿ ನೀಲಿ ಎದ್ದಿತು. "ಎಷ್ಟು ದಿನ ಆಗಿತ್ರಿ ಸರ, ಹಳದಿ ಬರಾಕತ್ತಿ?"

ನಿನ್ನಿಯಿಂದ ಅಂತ ನಾಲಿಗಿ ತುದಿಗೆ ಬಂದಿತ್ತು. ತಡದೆ. "ಭಾಳ ದಿನ ಆತಪಾ" ಅಂದೆ. "ನನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."