ವೈರಿ ದೋಣಿ ಹಿಡಿಯುವ ಯಂತ್ರದವನು

ಬಂದರಿನ ನಮ್ಮ ಮನೆಯ ಮಾಳಿಗೆಯಲ್ಲಿ ಒಬ್ಬ ಇಂಜಿನಿಯರ್ ಬಾಡಿಗೆಗೆ ಇದ್ದ. ವೈರಿಯ ದೋಣಿ ಕಂಡರೆ ಬೊಬ್ಬೆ ಹಾಕುವ ಕ್ಯಾಮೆರಾ ಮಾಡ್ಲಿಕ್ಕೆ ಸರ್ಕಾರ ಅವನಿಗೆ ಹಣ ಕೊಟ್ಟಿತ್ತು. ಯಂತ್ರ ಮುಟ್ಟಿದ್ದಕ್ಕಿಂತ ಅವನು ಫೈಲು ಮುಟ್ಟಿದ್ದೇ ಹೆಚ್ಚು. ಎಂತ ಕೇಳಿದರೂ ಕನ್ನಡಕ ಮೇಲೆ ತಳ್ಳಿ, "ಪೇಪರಲ್ಲಿ ಎಲ್ಲ ಸರಿ ಉಂಟು ಅಜ್ಜಿ" ಅನ್ನುತ್ತಿದ್ದ.

ಮಳೆಗಾಲದ ಎರಡು ತಿಂಗಳು ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಕ್ಕೆಯ ಕಟ್ಟೆಗೆ ಕಟ್ಟಿಸಿಕೊಂಡು ಮಲಗಿರುತ್ತವೆ. ಇವನು ಆಗಲೇ ನಮ್ಮ ಟೆರೇಸಿನಿಂದ, ಹೊಳೆ ಕಡಲು ಸೇರುವ ಅಳಿವೆಯ ಖಾಲಿ ನೀರು ತೋರಿಸಿ, ಇದು ಬಿಟ್ಟು ಬೇರೆಂತ ಕಂಡರೂ ವೈರಿ ಎಂದು ಯಂತ್ರಕ್ಕೆ ಪಾಠ ಹೇಳಿದ.

"ಬೋಟು ಇಳಿಯಲಿ ಮಾರಾಯ, ಆಮೇಲೆ ಕಲಿಸು" ಅಂದೆ.

"ಅಷ್ಟರೊಳಗೆ ರಿಪೋರ್ಟ್ ಹೋಗ್ಬೇಕು ಅಜ್ಜಿ."

ರಜೆ ಮುಗಿದ ಮೇಲೆ ಅಧಿಕಾರಿಗಳು ನೋಡ್ಲಿಕ್ಕೆ ಬಂದರು. ಯಂತ್ರ ಪಾಸಾದರೆ ಮಾತ್ರ ಎರಡನೇ ಕಂತು. ಅಳಿವೆಯಲ್ಲಿ ಬೋಟುಗಳು ಕಂಡದ್ದೇ ತಡ, ಅದು ಬೊಬ್ಬೆ ಸುರು ಮಾಡಿತು, ನಿಲ್ಲಿಸಲೇ ಇಲ್ಲ.

"ಇಷ್ಟೆಲ್ಲ ವೈರಿಗಳಾ?" ದೊಡ್ಡ ಅಧಿಕಾರಿ ಕೇಳಿದರು.

"ಮೊದಲನೆಯವ ನನ್ನ ಮಗ ಸಾರ್, ಬಂಗುಡೆ ತರ್ತಾ ಇದ್ದಾನೆ" ಅಂದೆ.

ಕಂತು ಅಲ್ಲೇ ನಿಂತಿತು. ಇಂಜಿನಿಯರ್ ಕನ್ನಡಕ ತಳ್ಳಿದ, ಆದರೆ ಪೇಪರಿನ ಮಾತೆತ್ತಲಿಲ್ಲ. ಮಧ್ಯಾಹ್ನ ವೈರಿ ತಂದ ಬಂಗುಡೆ ಎರಡು ತಿಂದ. ಮೂರನೆಯದಕ್ಕೂ ಬಟ್ಟಲು ಒಡ್ಡಿದ.